ಗುಬ್ಬಿಯ ಕತ್ತು

ಜೂನ್ ೧೪, ಬುಧವಾರ

ಪ್ರೀತಿಯ ಗುಂಡೂ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದವಳನ್ನು ಬೈಯುತ್ತಲೇ ಇದನ್ನು ಬಿಡಿಸಿರುತ್ತೀಯ. ಬೈದು ಮುಗಿಸಿ ಓದು. ಇಷ್ಟು ದಿನ ಆಸ್ಪತ್ರೆಯಲ್ಲಿದ್ದೆ. ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಅಣ್ಣನ ಮಗಳು ಗುಬ್ಬಿಗೆ ಕತ್ತಿನ ಆಪರೇಷನ್ ಆಯಿತು.

ಒಂದು ಸಂಜೆ ಅಣ್ಣ ನಮ್ಮ ಹೊಲಿಗೆ ಅಂಗಡಿಗೆ ಬಂದ. ಗುಬ್ಬಿ ಅಂಬೆಗಾಲಿಡುವ ಮೊದಲೇ ನನ್ನನ್ನು ದೂರ ಇಟ್ಟವನು ಹಣ್ಣಿನ ಚೀಲ ಹಿಡಿದು ನಿಂತಿದ್ದ. ಹಣ್ಣು ಕಂಡೇ ನನಗೆ ಅನುಮಾನ ಬಂತು.

"ಡಾಕ್ಟರ್ ಹತ್ರ ಹೋಗ್ತಿದ್ದೀವಿ. ನೀನೂ ಬಾ."

"ನಾನ್ಯಾಕೆ?"

"ಬಾ ಅಂದೆನಲ್ಲ."

ನಿನಗೆ ಗೊತ್ತಲ್ಲ, ಹಸುಗೂಸಿಗೆ ಸ್ನಾನ ಮಾಡಿಸುವಾಗ ನಾನು ಕೈಜಾರಿ ಬೀಳಿಸಿದೆ, ಅದಕ್ಕೇ ಕತ್ತು ಎಡಕ್ಕೆ ವಾಲಿತು ಎಂದು ಅತ್ತಿಗೆ ಕಂಡಕಂಡವರಿಗೆಲ್ಲ ಹೇಳಿದ್ದು. ಇಲ್ಲ, ಇಲ್ಲ ಎಂದು ಹೇಳಿ ಹೇಳಿ ಬಾಯಿ ಒಣಗಿತು. ಬರುಬರುತ್ತಾ ನನಗೇ ನನ್ನ ಮೇಲೆ ಸಂಶಯ ಹುಟ್ಟಿತ್ತು ಕಣೇ.

ಡಾಕ್ಟರಮ್ಮ ಎಕ್ಸ್‌ರೇಯನ್ನು ದೀಪದ ಹಲಗೆಗೆ ಸಿಕ್ಕಿಸಿದರು. ಅಣ್ಣ ನನ್ನತ್ತ ನೋಡದೆ ಕೇಳಿದ: "ಎಳೇ ಕೂಸಿದ್ದಾಗ ಬಿದ್ದಿದ್ರೆ ಹೀಗಾಗುತ್ತಾ?"

ಓಹೋ, ಇದಕ್ಕೇ ಕರೆತಂದದ್ದು.

"ಬೀಳೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹೊಟ್ಟೇಲಿದ್ದಾಗಲೇ ಕತ್ತಿನ ಒಂದು ಮೂಳೆ ಅರ್ಧ ಮಾತ್ರ ಬೆಳೆದಿದೆ. ಹೀಗೇ ಬಿಟ್ರೆ ಇನ್ನೂ ವಾಲುತ್ತೆ, ಮುಖವೂ ಸೊಟ್ಟಗಾಗುತ್ತೆ. ಆ ಅರ್ಧ ಮೂಳೆ ತೆಗೆದು, ಅದರ ಮೇಲಿನ ಮೂಳೆ, ಕೆಳಗಿನ ಮೂಳೆ ಎರಡನ್ನೂ ಸ್ಕ್ರೂ ಹಾಕಿ ಕೂಡಿಸ್ತೀವಿ. ನರಗಳು ಪಕ್ಕದಲ್ಲೇ ಇರುತ್ತವೆ, ಅಪಾಯ ಇಲ್ಲ ಅಂತ ಹೇಳಲ್ಲ."

"ಹಾಗಾದ್ರೆ ನನ್ನದೇ ತಪ್ಪು ಅಂತೀರಾ?" ಅತ್ತಿಗೆ ಸಿಡಿದರು.

"ಯಾರ ತಪ್ಪೂ ಅಲ್ಲಮ್ಮ."

ಹೊರಗೆ ಬಂದ ಕೂಡಲೇ ಅತ್ತಿಗೆ, "ಇವರಿಗೆ ಆಪರೇಷನ್ ಮಾಡ್ಬೇಕಲ್ಲ, ಏನು ಬೇಕಾದ್ರೂ ಹೇಳ್ತಾರೆ," ಎಂದು ಗೊಣಗಿದರು. ನನಗೋ, ಡಾಕ್ಟರಮ್ಮನ ಕಾಲಿಗೆ ಬೀಳೋಣ ಅನ್ನಿಸಿತ್ತು. ಆದರೂ ಆಪರೇಷನ್ ದಿನ ಅತ್ತಿಗೆಯೇ, "ನೀನೂ ಇರು, ನನಗೆ ಧೈರ್ಯ ಸಾಲಲ್ಲ," ಅಂದರು. ಈ ಮಾತಿನ ಹಿಂದೆ ಏನಿದೆಯೋ ಎಂದುಕೊಳ್ಳುತ್ತಲೇ ಬೆಂಚಿನ ತುದಿಯಲ್ಲಿ ಕೂತೆ.

ಗುಬ್ಬಿಗೆ ಎಚ್ಚರವಾದ ಮೇಲೆ ಡಾಕ್ಟರಮ್ಮ, "ಬೆರಳಾಡಿಸು ಪುಟ್ಟಾ," ಅಂದರು. ಗುಬ್ಬಿ ಕೈಬೆರಳು ಆಡಿಸಿದಳು, ಕಾಲ್ಬೆರಳು ಆಡಿಸಿದಳು. ಅಣ್ಣ ಗೋಡೆಗೊರಗಿ ನೆಲದ ಮೇಲೆ ಕುಸಿದು ಅತ್ತ. ಆಮೇಲೊಂದು ದಿನ ಕನ್ನಡಿ ಕೊಟ್ಟರೆ, ನೆಟ್ಟಗಾದ ಕತ್ತು ನೋಡಿಕೊಂಡು, "ಅತ್ತೆ, ಈ ಹುಡುಗಿ ತುಂಬಾ ಜಂಬದವಳ ಥರ ಇದ್ದಾಳೆ," ಅಂತಾಳೆ! ಕತ್ತಿಗೆ ಗಟ್ಟಿ ಪಟ್ಟಿ ಹಾಕಿದ್ದಾರೆ, ತಲೆಯ ಮೇಲಿಂದ ಏನನ್ನೂ ತೊಡಿಸುವ ಹಾಗಿಲ್ಲ. ಮುಂದೆ ಗುಂಡಿಯಿರುವ ಫ್ರಾಕುಗಳನ್ನು ಹೊಲಿದುಕೊಟ್ಟೆ. ಅತ್ತಿಗೆ ಅವನ್ನು ಮಡಿಲಲ್ಲಿಟ್ಟುಕೊಂಡು, "ಸುಮ್ಮನೆ ನಿನ್ನ ಮೇಲೆ ಹೊರಿಸಿಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ," ಅಂದರು. ಕಣ್ಣು ತುಂಬಿತ್ತು, ನಾಟಕವಲ್ಲ. ನಾನು ಚೆನ್ನಾಗಿ ನೋಡಿದೆ.

ನಿನ್ನ ಮಂಡಿನೋವು ಹೇಗಿದೆ? ನಿನ್ನ ಮಕ್ಕಳು ನೂರ್ಕಾಲ ನಗುನಗುತ್ತಿರಲಿ, ನಿನ್ನ ಹಾಗೆ ದುಂಡಗಿರಲಿ.

ನಿನ್ನ,
ಕಡ್ಡಿ

ತಾ.ಕ.: ಇವತ್ತು ಮಂಚದಿಂದ ಕುರ್ಚಿಗೆ ಕೂರಿಸಲು ಗುಬ್ಬಿ ನನ್ನನ್ನೇ ಕರೆದಳು. ಎತ್ತಿಕೊಂಡೆ. ಅತ್ತಿಗೆ ನಗುನಗುತ್ತಲೇ ಮಾತಾಡುತ್ತಿದ್ದರು. ಆದರೆ ತಮ್ಮ ಎರಡೂ ಕೈಗಳನ್ನು ನನ್ನ ಕೈಗಳ ಕೆಳಗೆ ಚಾಚಿಕೊಂಡು ಕುರ್ಚಿಯವರೆಗೂ ಜೊತೆಗೇ ನಡೆದರು. ಹೆತ್ತ ಕರುಳಲ್ಲವೇ ಅಂತ ನೀನು ಅನ್ನಬಹುದು. ಅಣ್ಣ ಎತ್ತುವಾಗ ಹಾಗೆ ಮಾಡುವುದಿಲ್ಲ.