ನಿಮ್ಮಪ್ಪನ ಯುದ್ಧದ ಪುಸ್ತಕ

ಬಸವೇಶ್ವರನಗರ, ಬೆಂಗಳೂರು
೧೨ ಫೆಬ್ರವರಿ ೧೯೮೭

ಪ್ರೀತಿಯ ಸತ್ಯಾ,

ನಿನಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಸಂಕ್ರಾಂತಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ. ನಿಮ್ಮಪ್ಪನ ಪುಸ್ತಕ ಬರೆದು ಬರೆದು ನನ್ನ ಬೆರಳು ಸೋತಿವೆ. ಯುದ್ಧವಿಮಾನ ಹಾರಿಸಿದ ಅವರ ಕೈಗೆ ಈಗ ಕಾಫಿ ಲೋಟ ಹಿಡಿಯುವುದೂ ಕಷ್ಟ, ಅಷ್ಟು ನಡುಕ. ಅದಕ್ಕೇ ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ತಿಂಡಿ ಮುಗಿದ ಕೂಡಲೇ ವರಾಂಡದಲ್ಲಿ ಕುರ್ಚಿ ಎಳೆದುಕೊಂಡು ಕರೆಯುತ್ತಾರೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಹತ್ತಿರ ಇಷ್ಟು ಮಾತಾಡಿದ್ದೇ ಇಲ್ಲ ಕಣೇ.

ಮೊದಮೊದಲು ಬರೀ ವೇಗ, ಎತ್ತರ, ಗುಂಡು. ಒಂದು ದಿನ ಪಕ್ಕದ ಮನೆಯ ಬಸವರಾಜೇಶ್ವರಿ ಕರಿಬೇವು ಕೇಳಲು ಬಂದವರು ಅಲ್ಲೇ ಕೂತು ಕೇಳಿಸಿಕೊಂಡರು.

"ಅಲ್ಲಾ ಸಾರ್, ಕೆಳಗಿಂದ ಗುಂಡು ಹೊಡೀತಿದ್ರೆ ನಿಮ್ಗೆ ಹೆದ್ರಿಕೆ ಆಗ್ತಿರ್ಲಿಲ್ವಾ?"

ನಿಮ್ಮಪ್ಪ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡರು. "ಮೇಲಿದ್ದಾಗ ಹೆದರಕ್ಕೆ ಪುರುಸೊತ್ತೇ ಇರ್ತಿರ್ಲಿಲ್ಲಮ್ಮ. ಇಳಿದ್ಮೇಲೆ ಕಾಲು ನಿಲ್ತಿರ್ಲಿಲ್ಲ."

"ಮತ್ತೆ ಅದನ್ನ ಬರೀರಿ ಸಾರ್. ವೇಗ ತಗೊಂಡು ನಾವೇನ್ ಮಾಡಣ?"

ಅಂದಿನಿಂದ ಪುಸ್ತಕದ ದಾರಿಯೇ ಬದಲಾಯಿತು. ಜೊತೆಯ ಪೈಲಟ್ ಲಕ್ಷ್ಮೀಪತಿ ಹಿಂದಿರುಗದ ಸಂಜೆ, ಅವನ ಪಾಲಿನ ಚಹಾ ಚೆಲ್ಲಲು ಯಾರಿಗೂ ಕೈ ಬಾರದೆ ಅದು ಹಾಗೇ ತಣ್ಣಗಾದದ್ದನ್ನು ಹೇಳಿದರು. ಹೇಳುತ್ತಾ ಅಳುತ್ತಾರೆ, ಆಮೇಲೆ ಹೊಟ್ಟೆ ತುಂಬ ಊಟ ಮಾಡುತ್ತಾರೆ, ಚೆನ್ನಾಗಿ ನಿದ್ದೆ ಮಾಡುತ್ತಾರೆ. ನನಗೆ ಅದೇ ಸಂತೋಷ.

ಮೊನ್ನೆ ಎಲ್ಲಾ ಮುಗಿಯಿತು. ಕಾಮಾಕ್ಷಿಪಾಳ್ಯದ ಪ್ರೆಸ್ಸಿನವರೊಬ್ಬರು ಯುಗಾದಿಗೆ ಅಚ್ಚು ಮಾಡಿಕೊಡಲು ಒಪ್ಪಿದ್ದಾರೆ. ನೀವಿಬ್ಬರೂ ಧಾರವಾಡದಿಂದ ಆ ಹೊತ್ತಿಗೆ ಬನ್ನಿ, ಒಬ್ಬಟ್ಟು ಮಾಡುತ್ತೇನೆ. ಮನೆ ತುಂಬಿ, ಮನಸ್ಸು ತುಂಬಿ ಬಾಳಿ.

ನಿನ್ನ ಅಮ್ಮ,
ಅನಂತಲಕ್ಷ್ಮಿ

ವಿ.ಸೂ.: ಇದನ್ನು ಮೇಲೆ ಬರೆಯಲು ಮನಸ್ಸಾಗಲಿಲ್ಲ. ಎಪ್ಪತ್ತೊಂದರ ಡಿಸೆಂಬರಿನ ಒಂದು ದಿನದ ಬಗ್ಗೆ ನಿಮ್ಮಪ್ಪ, "ಅಂದು ಎಲ್ಲರೂ ಕ್ಷೇಮವಾಗಿ ಹಿಂದಿರುಗಿದೆವು. ಮೆಸ್ಸಿನಲ್ಲಿ ಕೂತು ಬಿದ್ದು ಬಿದ್ದು ನಕ್ಕೆವು" ಎಂದು ಬರೆಸಿದರು. ನನ್ನ ಪೆನ್ನು ನಿಂತಿತು. ನಿನ್ನ ತಮ್ಮ ಕಿಟ್ಟಿ ಜ್ವರದಲ್ಲಿ ಹೋದದ್ದು ಅದೇ ದಿನ. ವಿಮಾನ ಹಾರಿಸುವವರ ಮನಸ್ಸು ಕದಡಬಾರದೆಂದು ಯುದ್ಧ ಮುಗಿಯುವವರೆಗೆ ನಾನೇ ತಂತಿ ಕೊಡಲು ಬಿಡಲಿಲ್ಲ. ಆಮೇಲೆ ನಾವಿಬ್ಬರೂ ಅವನ ಹೆಸರೇ ಎತ್ತಲಿಲ್ಲ.

ನನ್ನ ಮುಖ ನೋಡಿ ಅವರಿಗೆ ತಿಳಿಯಿತು. "ಆ ಸಾಲು ಹೊಡೆದ್ಹಾಕು ಕಣೇ" ಎಂದರು.

"ಬೇಡ ರೀ. ನೀವು ನಕ್ಕಿದ್ದು ನಿಜ ತಾನೆ? ಇರ್ಲಿ ಬಿಡಿ."

ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಕೇಳಿದರು: "ಅವನು ನನ್ನ ಕೇಳಿದ್ನಾ?"

"ಕೇಳ್ದ. ಅಪ್ಪ ವಿಮಾನದಲ್ಲಿ ಬರ್ತಾ ಇದಾರೆ ಅಂದೆ. ಕಿಟಕಿ ಕಡೆ ತಿರುಗಿ ಮಲಗ್ದ."