ಎರಡನೆಯ ಗಾಡಿ

ಮನೆಯಿಂದ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಸೊಸೆಗೆ ಮಾವನ ಆಶೀರ್ವಾದ.

‘ಪ್ರೀತಿಯ’ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ನೀನು ಈ ಮನೆಗೆ ಬಂದು ಏಳು ವರ್ಷವಾಯಿತು, ಒಂದು ದಿನವೂ ಬಾಯಿಬಿಟ್ಟು ಅನ್ನದ ಮಾತನ್ನು ಈಗ ಕಾಗದದ ಮೇಲೆ ಇಟ್ಟರೆ ನೀನೇ ನಗುತ್ತೀಯ. ನಿನ್ನ ಸೊಂಟದ ನೋವು ಹೇಗಿದೆ? ನೀನು ವರ್ಗವಾಗಿ ಹೋದ ಆ ಕಾರ್ಖಾನೆಯಲ್ಲಿ ನಿನಗೆ ಏಣಿ ಹತ್ತಿ ಗಾಲಿಗಳಿಗೆ ಗ್ರೀಸ್ ಹಚ್ಚುವ ಕೆಲಸ ಕೊಟ್ಟಿದ್ದಾರೆಂದು ನಮ್ಮ ಲಾರಿ ಡ್ರೈವರ್ ಹೇಳಿದ. ಡಿಪ್ಲೊಮಾ ಓದಿದವಳ ಕೈಗೆ ಗ್ರೀಸ್ ಡಬ್ಬಿ. ಕೇಳಿದ ದಿನ ನನಗೆ ಊಟ ಸೇರಲಿಲ್ಲ, ಆದರೂ ಯಾಕೆಂದು ಯಾರಿಗೂ ಹೇಳಲಿಲ್ಲ. ಕೆಳಗೆ ಒಬ್ಬರು ಹಿಡಿದುಕೊಳ್ಳದೆ ಏಣಿ ಹತ್ತಬೇಡ. ಹಿಡಿಯದಿದ್ದರೆ ಬೈಯಿ. ನಿನಗೆ ಬೈಯಲು ಬರುವುದಿಲ್ಲ, ಹೆಸರು ಹೇಳಿಕಳಿಸು, ಇಲ್ಲಿಂದಲೇ ಬೈಯುತ್ತೇನೆ. ನಿನ್ನ ಅತ್ತೆಯ ಮಂಡಿ ಹಾಗೇ ಇದೆ, ಬಾಯಿ ಮೊದಲಿಗಿಂತ ಚುರುಕು. ನನ್ನ ಬಿಪಿ ಮಾತ್ರೆ ಒಂದಿದ್ದದ್ದು ಎರಡಾಗಿದೆ. ನಿನ್ನ ಗಂಡನ ವಿಷಯ ಆಮೇಲೆ ಬರೆಯುತ್ತೇನೆ.

ಫೋನ್ ಮಾಡಬಹುದಿತ್ತು. ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಫೋನಿನಲ್ಲಿ ನನಗೆ ಕೂಗಾಡಲು ಮಾತ್ರ ಬರುತ್ತದೆ, ಅದು ನಿನಗೂ ಗೊತ್ತು. ನಾಲ್ಕನೇ ಕ್ಲಾಸಿಗೆ ಪುಸ್ತಕ ಎಸೆದವನು, ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದು. ನಿನಗೆ ಗೊತ್ತಿರುವ ಸಂಗತಿಯನ್ನೂ ಬಿಡಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸಬಹುದು, ತೋರಿಸಬೇಕು.

ನಮ್ಮ ಕಬ್ಬಿಣದ ಬೀರುವಿನ ಕಾರ್ಖಾನೆಯಲ್ಲಿ ಬಾಗಿಲುಗಳು ತಲೆಯ ಮೇಲೆ ಓಡಾಡುತ್ತವೆ. ಮೇಲಿನ ಹಳಿಯಲ್ಲಿ ನಿಲ್ಲದೆ ಹರಿಯುವ ಚೈನು, ಕೆಳಗಿನ ಹಳಿಯಲ್ಲಿ ಗಾಡಿಗಳು, ಒಂದೊಂದು ಗಾಡಿಗೆ ಆರು ಬಾಗಿಲು ನೇತಾಡುತ್ತವೆ. ಚೈನಿನಲ್ಲಿ ಅಲ್ಲಲ್ಲಿ ಒಂದು ಹಲ್ಲು. ಆ ಹಲ್ಲು ಗಾಡಿಯ ನೆತ್ತಿಯ ಚಿಲಕಕ್ಕೆ ತಾಗಿ ಅದನ್ನು ತಳ್ಳಿಕೊಂಡು ಹೋಗುತ್ತದೆ. ಗಾಡಿ ನಿಲ್ಲಬೇಕಾದ ಕಡೆ ಒಂದು ತಡೆಪಟ್ಟಿ ಅಡ್ಡ ಬಂದು ಚಿಲಕವನ್ನು ಆಚೆ ಸರಿಸುತ್ತದೆ, ಹಲ್ಲು ಸುಮ್ಮನೆ ದಾಟಿ ಹೋಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬಣ್ಣದ ಮನೆಯ ಚೈನಿನಿಂದ ಬಣ್ಣ ಒಣಗಿಸುವ ಓವನ್ನಿನ ಚೈನಿಗೆ ಗಾಡಿ ಬದಲಾಗುವ ಜಾಗವೇ ಕಷ್ಟದ್ದು. ನಡುವೆ ಎರಡು ಮಾರು ದೂರ ಗಾಡಿ ಯಾವ ಚೈನಿನ ಕೈಯಲ್ಲೂ ಇರುವುದಿಲ್ಲ. ಅಲ್ಲಿಗೆ ಒಂದು ಸಲಕ್ಕೆ ಒಂದೇ ಗಾಡಿ ಬಿಡಬೇಕು. ಇಪ್ಪತ್ತಾರು ವರ್ಷ ಅದನ್ನು ಬಿಟ್ಟವನು ನಾನು, ಕೈಯಲ್ಲೊಂದು ಕೊಕ್ಕೆ ರಾಡು ಹಿಡಿದು. ನನ್ನ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ಕೊಕ್ಕೆ ಅಣ್ಣ.

ಆಮೇಲೆ ನೀನು ಅದೇ ಕಾರ್ಖಾನೆಗೆ ಕೆಲಸಕ್ಕೆ ಬಂದೆ. ಮುಂದಿನ ಗಾಡಿ ಪೂರ್ತಿ ದಾಟಿತೇ ಇಲ್ಲವೇ ಎಂದು ನೋಡುವ ಸ್ವಿಚ್ಚು ಹಾಕಿದೆ. ಅದು ದಾಟುವವರೆಗೆ ಗಾಳಿಯ ಒತ್ತಡದಿಂದ ತಡೆಪಟ್ಟಿಯನ್ನು ಅಡ್ಡ ಹಿಡಿದು ಹಿಂದಿನ ಗಾಡಿಯನ್ನು ಬಿಡದ ಸ್ಟಾಪರ್ ಕೂರಿಸಿದೆ. ನನ್ನನ್ನು ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿಕೊಳ್ಳಲು ಹೇಳಿದರು. ಆ ಕೋಪವನ್ನು ಮನೆಯಲ್ಲಿ ನಿನ್ನ ಮೇಲೆ ತೀರಿಸಿಕೊಂಡೆ. ನೀನು ಟೀ ಕೊಟ್ಟರೆ ಸಕ್ಕರೆ ಹೆಚ್ಚೆಂದೆ, ಕೊಡದಿದ್ದರೆ ಓದಿದ ಸೊಕ್ಕು ಎಂದೆ. ನೀನು ಮಾತ್ರ ನನ್ನನ್ನೇ ಕೇಳಿ ಕೇಳಿ ಆ ಸ್ವಿಚ್ಚಿನ ಜಾಗ ಗುರುತು ಮಾಡಿದ್ದೆ. ಗಾಡಿ ಎಲ್ಲಿ ತಡವರಿಸುತ್ತದೆ ಮಾವ, ಹಳಿಯ ಯಾವ ಕೀಲು ಬೇಸಿಗೆಯಲ್ಲಿ ಬಿಗಿಯುತ್ತದೆ ಎಂದು. ನನ್ನ ಇಪ್ಪತ್ತಾರು ವರ್ಷವೇ ಆ ಸ್ವಿಚ್ಚಿನೊಳಗಿತ್ತು. ಅದು ನನಗೆ ಈಗ ಹೊಳೆಯುತ್ತಿದೆ.

ಆ ದಿನ ಸ್ಟಾಪರ್ ಬಿಡಲಿಲ್ಲ. ಎರಡನೆಯ ಗಾಡಿ ನಿಂತಿತು, ಹಿಂದೆ ಹತ್ತು ಗಾಡಿ ಸಾಲುಗಟ್ಟಿದವು. ನೇತಾಡುವ ಬಾಗಿಲುಗಳ ಮರೆಯಲ್ಲಿ ನನಗೆ ಮುಂದೇನೂ ಕಾಣುತ್ತಿರಲಿಲ್ಲ, ನಾನೂ ಯಾರಿಗೂ ಕಾಣುತ್ತಿರಲಿಲ್ಲ. ಬಾಗಿಲು ನೇತುಹಾಕುವ ಕಡೆಯಿಂದ ಯಾವನೋ ಕೂಗಿದ: “ಕೊಕ್ಕೆ ಅಣ್ಣಾ, ಸೊಸೆ ಅಪ್ಪಣೆ ಕೊಡೋವರೆಗೂ ಹಿಂಗೇ ನಿಂತ್ಕೊಂಡಿರ್ತೀಯಾ?” ನಾಲ್ಕು ಜನ ನಕ್ಕರು. ಎರಡು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೋಡಿದ್ದರೆ ಸಾಕಿತ್ತು. ನಾನು ಗೋಡೆಗೆ ಒರಗಿಸಿದ್ದ ರಾಡು ತೆಗೆದೆ, ತಡೆಪಟ್ಟಿಗೆ ಕೊಕ್ಕೆ ಹಾಕಿ ಮೈಭಾರವೆಲ್ಲ ಬಿಟ್ಟು ಎಳೆದೆ. ಪಟ್ಟಿ ಬಾಗಿತು, ಗಾಡಿ ಹೋಯಿತು. ಮುಂದಿನ ಗಾಡಿಯ ಒಂದು ಗಾಲಿ ಕೀಲಿನಲ್ಲಿ ಸಿಕ್ಕಿ ಅದಿನ್ನೂ ಅಲ್ಲೇ ನಿಂತಿತ್ತು. ಸ್ಟಾಪರ್ ಅದನ್ನು ನೋಡಿಯೇ ತಡೆದಿತ್ತು. ಎರಡನೆಯದು ಹೋಗಿ ಗುದ್ದಿತು, ಬಾಗಿಲು ಕಳಚಿ ಬಿತ್ತು, ಕೆಳಗಿದ್ದ ಪೇಂಟರ್ ಕಡ್ಡಿಯ ಭುಜದ ಮೂಳೆ ಎರಡು ಕಡೆ ಮುರಿಯಿತು. ಕಡ್ಡಿ ನಿನಗೆ ಗೊತ್ತಲ್ಲ, ಬಾಗಿಲಲ್ಲಿ ಓರೆಯಾಗಿ ನುಗ್ಗುವ ಆ ದಪ್ಪ ಮನುಷ್ಯ. ಅವನು ಮಗುವಿನ ಹಾಗೆ ಅತ್ತದ್ದು ನನಗೆ ಈಗಲೂ ಕೇಳಿಸುತ್ತದೆ.

ವಿಚಾರಣೆಯ ಮೇಜಿನ ಮೇಲೆ ಬಾಗಿದ ಪಟ್ಟಿ ಇಟ್ಟಿದ್ದರು. ಗಾಡಿಯ ಗುದ್ದಿಗೆ ಬಾಗಿದೆ ಎಂದುಕೊಂಡಿದ್ದರು ಎಲ್ಲರೂ. ನೀನು ಅದನ್ನು ತಿರುಗಿಸಿ ನೋಡಿದೆ. ಬಣ್ಣದ ಮೇಲೆ ಕೊಕ್ಕೆ ಜಾರಿದ ಗೀರಿತ್ತು. ನೀನು ಹೆಬ್ಬೆರಳನ್ನು ಅದರ ಮೇಲೆ ಇಟ್ಟು ಮುಚ್ಚಿದೆ, ನನ್ನ ಕಡೆ ನೋಡಲಿಲ್ಲ. “ಸ್ಟಾಪರ್ ಬಿಡೋ ಟೈಮಿಂಗ್ ನಾನೇ ಕಡಿಮೆ ಇಟ್ಟಿದ್ದೆ ಸರ್,” ಅಂದೆ. ನಾನು ಅಲ್ಲೇ ಇದ್ದೆ. ಕುರ್ಚಿಯಿಂದ ಏಳಲು ಕಾಲಿತ್ತು, ಹೇಳಲು ನಾಲಿಗೆ ಇತ್ತು. ಕೂತೇ ಇದ್ದೆ. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಮನೆಗೆ ಬಂದು ಊಟದ ತಟ್ಟೆಯ ಮುಂದೆ, ನಿನ್ನ ಗಂಡನ ಎದುರಿಗೆ, ಅನುಭವಸ್ಥರ ಮಾತು ಕೇಳದೆ ಇಂಥವರು ಜನರ ಕೈಕಾಲು ಮುರಿಯುತ್ತಾರೆ ಎಂದು ಬೈದೆ. ನಿನ್ನ ಗಂಡ ನನ್ನ ಮಾತಿಗೆ ತಲೆಯಾಡಿಸಿದ. ನೀನು ತಟ್ಟೆ ತೊಳೆದಿಟ್ಟು ಒಳಗೆ ಹೋದೆ. ಆ ಮಾತು ಯಾಕೆ ಆಡಿದೆ ಎಂದರೆ, ನೀನು ತಿರುಗಿ ಬೀಳುತ್ತೀಯ, ನಿಜ ಹೊರಗೆ ಬೀಳುತ್ತದೆ, ಜಗಳದಲ್ಲಿ ಎಲ್ಲ ಮುಗಿಯುತ್ತದೆ ಎಂದು ಎಲ್ಲೋ ಒಳಗೆ ಅನ್ನಿಸಿತ್ತೇನೋ. ಸುಳ್ಳು. ಬರೆದು ಓದಿದಾಗ ಇದು ಸುಳ್ಳೆಂದು ಕಾಣುತ್ತಿದೆ. ನೀನು ಬಾಯಿ ಬಿಡುವುದಿಲ್ಲ ಎಂಬ ಧೈರ್ಯದಿಂದಲೇ ಬೈದೆ. ಆ ತಪ್ಪಿನ ಶಿಕ್ಷೆಯಾಗಿ ವರ್ಗವಾಗಿ ಹೋಗುವ ದಿನ ಚೀಲ ಹಿಡಿದು ಬಾಗಿಲಲ್ಲಿ ನಿಂತು ನೀನು ಹೇಳಿದ್ದು ಒಂದೇ: “ಮಾವ, ಆ ರಾಡಿನ ತುದಿ ಚೂಪಾಗಿದೆ, ಯಾರಿಗಾದ್ರೂ ತಗುಲೀತು. ಉಜ್ಜಿಸಿಬಿಡಿ.” ಅಲ್ಲಿಯವರೆಗೆ ನಿನಗೆ ಗೊತ್ತಿಲ್ಲದೆಯೂ ಇರಬಹುದು ಎಂದು ಒಂದು ಎಳೆ ಹಿಡಿದುಕೊಂಡಿದ್ದೆ. ಅದೂ ಹೋಯಿತು.

ಆರು ತಿಂಗಳು ಹೀಗೇ ನುಂಗಿಕೊಂಡಿದ್ದೆ. ಹೋದ ವಾರ ನಿನ್ನ ಸ್ಟಾಪರ್ ಕಿತ್ತುಹಾಕಿ ಹಳೆಯ ಕೈಕೆಲಸಕ್ಕೇ ಮರಳಬೇಕೆಂದು ತೀರ್ಮಾನಿಸಿದರು. ಕೀಳಲು ನನ್ನನ್ನೇ ಕರೆದರು, ಹಿರಿಯ ಎಂದು. ಹೊಸಬರಿಗೆ ಕೊಕ್ಕೆ ಹಾಕುವುದನ್ನು ಕಲಿಸಬೇಕಂತೆ. ನಾನು ಸ್ಪ್ಯಾನರ್ ಹಿಡಿದು ಏಣಿಯ ಮೇಲಿದ್ದೆ, ಎರಡು ಬೋಲ್ಟು ಬಿಚ್ಚಿದ್ದೆ. ಕಡ್ಡಿ ಕೆಲಸಕ್ಕೆ ಮರಳಿ ಅಂದಿಗೆ ಮೂರನೇ ದಿನ. ಬಲಗೈ ಕಿವಿಯ ಮಟ್ಟಕ್ಕೆ ಏಳುವುದಿಲ್ಲ, ಬಣ್ಣದ ಗನ್ನು ಎಡಗೈಗೆ ಬಂದಿದೆ. ಅವನು ಬಂದು ನನ್ನ ಏಣಿ ಹಿಡಿದುಕೊಂಡ. “ಬೇಗ ಕಿತ್ತಾಕು ಅಣ್ಣಾ,” ಅಂದ. “ನಿನ್ನ ಕೈಯಲ್ಲಿ ಕೊಕ್ಕೆ ಇದ್ರೆ ನಾನು ಕೆಳಗೆ ನಿಂತ್ಕೊಂಡು ನಿದ್ದೆ ಮಾಡ್ತೀನಿ.” ಒಳ್ಳೆಯ ಕೈ ಎತ್ತಿ ನನ್ನ ಪಾದ ತಟ್ಟಿದ. ನಾನು ಬಿಚ್ಚಿದ ಎರಡೂ ಬೋಲ್ಟು ಮತ್ತೆ ಬಿಗಿದು ಇಳಿದೆ. ಅಲ್ಲೇ ಅವನಿಗೆ ಹೇಳಿದೆ. ಅವನು ನಗಲು ನೋಡಿದ, ಆಮೇಲೆ ನನ್ನ ಮುಖ ನೋಡಿ ಏಣಿ ಬಿಟ್ಟು ಹೋದ. ಅವತ್ತಿನಿಂದ ನನ್ನ ಜೊತೆ ಟೀ ಕುಡಿಯುತ್ತಿಲ್ಲ. ಸರಿಯಾಗಿದೆ. ಕುಡಿದಿದ್ದರೆ ನನಗೇ ಇಳಿಯುತ್ತಿರಲಿಲ್ಲ.

ನಿನ್ನೆ ಮ್ಯಾನೇಜರ್ ಬಳಿ ಹೋಗಿ ಎಲ್ಲ ಹೇಳಿದೆ. ಅಲ್ಲಿ ನಡೆದದ್ದನ್ನು ಬರೆಯುವುದೇ ಕಷ್ಟ. ಆ ಮನುಷ್ಯ ಎದ್ದು ನನ್ನನ್ನು ಕೂರಿಸಿ ನೀರು ಕೊಟ್ಟ. ಸೊಸೆಯ ಹೆಸರು ಉಳಿಸಲು ಈ ವಯಸ್ಸಿನಲ್ಲಿ ತಪ್ಪು ಮೈಮೇಲೆ ಎಳೆದುಕೊಳ್ಳುತ್ತೀರಿ, ನಿಮ್ಮಂಥ ಮಾವ ಎಲ್ಲರಿಗೂ ಸಿಗುವುದಿಲ್ಲ ಎಂದು ಬೆನ್ನು ತಟ್ಟಿದ. ನಾನು ಮೇಜು ಗುದ್ದಿದೆ. ಅದಕ್ಕೂ, ಪಾಪ, ಎಷ್ಟು ಸಂಕಟವಾಗಿದೆ ನೋಡಿ ಎಂದು ಗುಮಾಸ್ತನಿಗೆ ಹೇಳಿದ. ಜೀವನದಲ್ಲಿ ನಾನು ತಿಂದ ಬೈಗುಳಗಳೆಲ್ಲ ಸೇರಿದರೂ ಆ ಹೊಗಳಿಕೆಯಷ್ಟು ಉರಿಯಲಿಲ್ಲ.

ಇವತ್ತು ಬೆಳಿಗ್ಗೆ ನಿನ್ನ ಗಂಡನಿಗೆ ಹೇಳಿದೆ. ಶಾಲೆಯ ವ್ಯಾನು ತೊಳೆಯುತ್ತಿದ್ದ. ಕೊಳಾಯಿ ನಿಲ್ಲಿಸಲಿಲ್ಲ, ನೀರು ಹರಿಯುತ್ತಲೇ ಇತ್ತು. “ಆರು ತಿಂಗಳಿಂದ ಅವಳ ಹತ್ರ ನೆಟ್ಟಗೆ ಮಾತಾಡಿಲ್ಲ ಅಪ್ಪಾ ನಾನು,” ಅಂದ. ಒದ್ದೆ ಬಟ್ಟೆ ಹಿಂಡಿ ಗಾಜು ಒರೆಸತೊಡಗಿದ. ಬೈದಿದ್ದರೆ ತಿರುಗಿ ಬೈದು ಹಗುರವಾಗುತ್ತಿದ್ದೆ, ನನ್ನ ಬುದ್ಧಿ ಅಷ್ಟೇ. ನಿನ್ನ ಅತ್ತೆ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ತಟ್ಟೆಗೆ ಬಡಿಸಿ ಎದುರಿಗೆ ಕೂರದೆ ಹೊರಗೆ ಹೋದಳು.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ಹಾಗೆ. ಮೈ ನೋಡಿಕೋ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ಹೊಟ್ಟೆ ತುಂಬ ಉಣ್ಣು. ನಿನಗೆ ಎಲ್ಲ ಒಳ್ಳೆಯದಾಗಲಿ.

ಇಂತಿ,
ನಿನ್ನ ಮಾವ

ಮರೆತೆ. ಕಾಗದ ಮಡಿಸಿದ ಮೇಲೆ ಬರೆಯುತ್ತಿದ್ದೇನೆ, ಲಾರಿ ಡ್ರೈವರ್ ಬೀದಿಯಲ್ಲಿ ಹಾರ್ನ್ ಒತ್ತುತ್ತಿದ್ದಾನೆ. ನಿನ್ನನ್ನೇ ಕೇಳಿ ಎಂದು ನಾನು ಪಟ್ಟು ಹಿಡಿದದ್ದಕ್ಕೆ ಮಂಗಳವಾರ ಹನ್ನೊಂದು ಗಂಟೆಗೆ ಮ್ಯಾನೇಜರ್ ನಿನಗೆ ಫೋನ್ ಮಾಡುತ್ತಾರೆ. ನಿಮ್ಮ ಮಾವ ಹೇಳಿದ್ದು ನಿಜವೇ ಎಂದು ಕೇಳುತ್ತಾರೆ. ನಿನ್ನ ಮಾತಿನ ಮೇಲೆ ಎಲ್ಲ ನಿಂತಿದೆ. ‘ಮಾವ ಪಾಪ ನನ್ನನ್ನು ಉಳಿಸಲು ಹೇಳುತ್ತಿದ್ದಾರೆ’ ಎಂದು ನೀನು ಅಂದುಬಿಟ್ಟರೆ, ಅವರು ಸ್ಟಾಪರ್ ಕೀಳುತ್ತಾರೆ, ಕಡ್ಡಿ ಮತ್ತೆ ಅದೇ ಕೊಕ್ಕೆಯ ಕೆಳಗೆ ನಿಲ್ಲುತ್ತಾನೆ, ನೀನು ಏಣಿಯ ಮೇಲೇ ಉಳಿಯುತ್ತೀಯ, ನಾನು ಊರಿಗೆಲ್ಲ ದೊಡ್ಡ ಮನಸ್ಸಿನ ಮಾವನಾಗಿ ಸಾಯುತ್ತೇನೆ. ಅದೊಂದು ಶಿಕ್ಷೆ ನನಗೆ ಕೊಡಬೇಡ. ನೀನು ಕಂಡದ್ದನ್ನು ಕಂಡ ಹಾಗೆ ಹೇಳು ಮಗಳೇ.