ಹುಳು ಸತ್ತ ಪಂಜರದ ಸದ್ದು

ಜೂನ್ ೧೭, ಗುರುವಾರ

ನಾಳೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹಾಕಿದರೆ ಕೆರೆ ತುಂಬಿದ ಅಂತರಗಂಗೆ ಕಳೆಯನ್ನು ತಿನ್ನಲು ನಮ್ಮ ಪ್ರಯೋಗಾಲಯದ ಮೂತಿಹುಳುಗಳನ್ನು ಬಿಡುತ್ತಾರೆ. ಕೆರೆಯ ಕೆಳಗೆ ಪೂರ್ತಿ ಭತ್ತದ ಗದ್ದೆ.

ಪರೀಕ್ಷೆ ಸರಳ. ಹುಳುಗಳನ್ನು ಬಲೆಯ ಪಂಜರದಲ್ಲಿ ಭತ್ತದ ಗಿಡದ ಜೊತೆ ಮಾತ್ರ ಕೂಡಿಹಾಕುತ್ತೇವೆ. ಅದನ್ನು ಮುಟ್ಟದೆ ಹಸಿದು ಸತ್ತರೆ ಕೆರೆಗೆ ಬಿಡಬಹುದು. ಇಪ್ಪತ್ತು ಹುಳುಗಳೂ ಸತ್ತವು. ಎಲೆಯ ಮೇಲೆ ಒಂದು ಗೀರೂ ಇರಲಿಲ್ಲ. ಹೆಣಗಳನ್ನು ನಾನೇ ಎಣಿಸಿ ತೆಗೆದು ಮೂರು ವಾರವಾಯಿತು. ಗಿಡ ಮಾತ್ರ ಪಂಜರದಲ್ಲೇ ಇದೆ.

ಬೆಳಿಗ್ಗೆ ಗಿಡಗಳಿಗೆ ನೀರು ಹಾಕುವ ಅಕ್ಕ ಬಾಗಿಲಲ್ಲೇ ನಿಂತಿದ್ದರು. "ಮೇಡಂ, ಆ ಖಾಲಿ ಪಂಜರದಲ್ಲಿ ಯಾರೋ ಏನೋ ಕೆರೀತಿದ್ದಾರೆ. ನಾನಂತೂ ಒಳಗೆ ಹೋಗಲ್ಲ."

ನಕ್ಕು ಒಳಗೆ ಹೋದೆ. ಬಲೆಗೆ ಕಿವಿ ಇಟ್ಟೆ. ಉಗುರಿನಿಂದ ಕಾಗದ ಕೆರೆದಂಥ ಸದ್ದು. ನಾನು ಉಸಿರು ಬಿಗಿಹಿಡಿದರೆ ಅದೂ ನಿಲ್ಲುತ್ತಿತ್ತು.

ಮೇಲಧಿಕಾರಿಗೆ ಫೋನ್ ಮಾಡಿದೆ. "ಎಲೆ ಸರಿ ಇದೆ ತಾನೆ? ಅಷ್ಟು ಸಾಕಮ್ಮ. ರಾತ್ರಿಯೆಲ್ಲ ದೆವ್ವದ ಕಾದಂಬರಿ ಓದೋದು ಬಿಡು, ಸದ್ದು ತಾನೇ ನಿಲ್ಲುತ್ತೆ" ಎಂದರು.

ಅವರ ಮಾತು ತಪ್ಪಲ್ಲ. ಪರೀಕ್ಷೆಯ ವರದಿ ನಮೂನೆಯಲ್ಲಿ ಎಲೆಗೆ ಮಾತ್ರ ಅಂಕಣವಿದೆ, ಕಾಂಡಕ್ಕಿಲ್ಲ. ಆ ನಮೂನೆ ಮಾಡಿದವಳು ನಾನೇ.

ಬ್ಲೇಡಿನಿಂದ ಕಾಂಡ ಸೀಳಿದೆ. ಒಳಗೆ ಬಿಳಿ ಮರಿಹುಳುಗಳು, ಒಂದರ ಹಿಂದೊಂದು. ಎಲ್ಲವೂ ಬೆಳಕಿನತ್ತ ತಲೆ ತಿರುಗಿಸಿದವು. ಸಾಯುವ ಮೊದಲು ತಾಯಿಹುಳುಗಳು ಮೊಟ್ಟೆ ಇಟ್ಟಿದ್ದವು. ತಾವು ಮುಟ್ಟದ್ದನ್ನು ಮಕ್ಕಳಿಗೆ ಬಿಟ್ಟು ಹೋಗಿದ್ದವು.

ಸಹಿ ಹಾಕುವುದಿಲ್ಲವೆಂದು ಬರೆದು ಕಳಿಸಿದೆ. ಆದರೆ ಹೋದ ವರ್ಷ ಇದೇ ನಮೂನೆಯನ್ನು ನಂಬಿ ಇನ್ನೊಂದು ಕೆರೆಗೆ ಇವೇ ಹುಳುಗಳನ್ನು ಬಿಡಲು ಸಹಿ ಹಾಕಿದ್ದೆ. ಅಲ್ಲಿಂದ ಇದುವರೆಗೆ ಒಂದು ದೂರೂ ಬಂದಿಲ್ಲ. ಸಂಜೆ ವಿಚಾರಿಸಿದೆ. ಪೈರು ಹಚ್ಚಗೆ ನಿಂತಿದೆಯಂತೆ, ಒಂದು ಎಲೆಗೂ ಗೀರಿಲ್ಲವಂತೆ.